ಬೀಜದ ಅಕ್ಷರ ತಿದ್ದುವವರು

ಸುಗ್ಗಿಯಲ್ಲಿ ಒಡೆಯರ ಕಣದಲ್ಲಿ ರಾಗಿ ಬಡಿಯೋಕೆ ಮುಂಚೆ ನಮ್ಮಜ್ಜಿಗೆ ಹೇಳಿಕಳಿಸ್ತಿದ್ದರಂತೆ. ಮೆದೆ ಬಿಚ್ಚಿದ ಮೇಲೆ ಅವಳು ಹುಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ತೆನೆ ಎತ್ತಿ ನೋಡಿ, ಮುಷ್ಟಿ ಬಿಗಿಹಿಡಿದ ಹಾಗೆ ತುಂಬಿಕೊಂಡ ತೆನೆಗಳನ್ನ ಬೇರೆ ಮಾಡ್ತಿದ್ದಳು. ಅದು ಮುಂದಿನ ವರ್ಷದ ಬಿತ್ತನೆ. ಅವಳು ಆರಿಸಿದ ಬೀಜ ಒಡೆಯರ ಮನೆಯೊಳಕ್ಕೆ ಹೋಗ್ತಿತ್ತು. ಅವಳು ಹೊಸಲು ದಾಟೋ ಹಾಗಿರಲಿಲ್ಲ. ಕಣದ ತಳದಲ್ಲಿ ಉಳಿದ ಮಣ್ಣು ಬೆರೆತ ರಾಗಿ ಅವಳ ಮಡಿಲಿಗೆ.

ಅವಳಿಗೆ ಅಕ್ಷರ ಬರ್ತಿರಲಿಲ್ಲ. ಅಕ್ಷರ ಅವಳಿಗೆ ಬರದ ಹಾಗೆ ನೋಡಿಕೊಂಡವರು ಯಾರು ಅಂತ ಈ ಪತ್ರಿಕೆ ಓದುವವರಿಗೆ ನಾನು ಹೇಳಬೇಕಾಗಿಲ್ಲ.

ಈಗ ವಿಜ್ಞಾನಿಗಳು ಬೀಜದೊಳಗೂ ಅಕ್ಷರ ಇದೆ ಅಂತಾರೆ. ಪ್ರತಿ ಜೀವಕೋಶದಲ್ಲೂ ಡಿಎನ್‌ಎ ಎಂಬ ಒಂದು ನೂಲು. ಅದರ ಮೇಲೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬರಹ. ಭತ್ತದ ಬೀಜದಲ್ಲಿ ಅಂಥ ಸುಮಾರು 40 ಕೋಟಿ ಅಕ್ಷರಗಳಿವೆ. ಗಿಡದ ಎತ್ತರ, ಕಾಳಿನ ಎಣಿಕೆ, ಬರ ತಾಳುವ ಗುಣ ಎಲ್ಲ ಅದರಲ್ಲಿ ಬರೆದಿದೆ. ಆ ಬರಹದ ಬೇಕಾದ ಜಾಗಕ್ಕೇ ಹೋಗಿ ಬೇಕಾದ ಅಕ್ಷರವನ್ನೇ ಕತ್ತರಿಸಿ ತಿದ್ದುವ ವಿದ್ಯೆ ಈಗ ಮನುಷ್ಯರಿಗೆ ಸಿಕ್ಕಿದೆ. ಅದನ್ನು ಜೀನ್ ತಿದ್ದುಪಡಿ ಅಂತಾರೆ. ಹಾಗೆ ತಿದ್ದಿದ ಎರಡು ಭತ್ತದ ತಳಿಗಳನ್ನು ನಮ್ಮ ಸರ್ಕಾರವೇ 2025ರ ಮೇ ತಿಂಗಳಲ್ಲಿ ಪ್ರಕಟಿಸಿತು.

ಇದು ನಮಗೆ ಯಾಕೆ ಬೇಕು, ಅದು ಪ್ರಯೋಗಾಲಯದವರ ವಿಷಯ ಅಂತ ಸುಮ್ಮನಿರಬಹುದು. ಗೊಬ್ಬರದ ಕಾಲ ಬಂದಾಗ ಹಾಗೇ ಇದ್ದೆವು. ಸಂಕರ ಬೀಜದ ಕಾಲದಲ್ಲೂ ಹಾಗೇ ಇದ್ದೆವು. ಆಮೇಲೆ ಕೂಲಿ ಹೋದಾಗ ಯಾಕೆ ಹೋಯಿತು ಅಂತ ಗೊತ್ತಾಗಲಿಲ್ಲ. ಆದ್ದರಿಂದ ಈ ಚರಿತ್ರೆಯನ್ನು ನಮ್ಮ ಕಡೆಯಿಂದ ಒಂದು ಸಲ ಓದಿಕೊಳ್ಳೋಣ.

ಮೊದಲ ತಿದ್ದುಪಡಿ

ಕಾಡುಭತ್ತದ ಕಾಳು ಹಣ್ಣಾದ ಕೂಡಲೇ ತೆನೆಯಿಂದ ಉದುರಿಹೋಗುತ್ತೆ. ಕಾಡಿನ ಗಿಡಕ್ಕೆ ಅದೇ ಒಳ್ಳೇದು. ಕೊಯ್ಯುವವರಿಗೆ ಏನೂ ಸಿಕ್ಕೋದಿಲ್ಲ. ಸಾವಿರಾರು ವರ್ಷಗಳ ಹಿಂದೆ ಎಲ್ಲೋ ಕೆಲವು ಗಿಡಗಳಲ್ಲಿ ಕಾಳು ಉದುರದೆ ನಿಂತಿತು. ಕೊಯ್ಯಲು ಹೋದವರ ಕೈಗೆ ಆ ತೆನೆ ಸಿಕ್ಕಿತು. ಮುಂದಿನ ಮಳೆಗೆ ಅದನ್ನೇ ಚೆಲ್ಲಿದರು. ವರ್ಷ ವರ್ಷ ಹಾಗೇ ಆರಿಸುತ್ತ ಬಂದು ಭತ್ತ ಊರಿನ ಬೆಳೆಯಾಯಿತು. ಭತ್ತ ಉದುರದ ಹಾಗೆ ಮಾಡಿದ ದೊಡ್ಡ ಬದಲಾವಣೆಯೊಂದನ್ನು ವಿಜ್ಞಾನಿಗಳು 2006ರಲ್ಲಿ ಪತ್ತೆ ಮಾಡಿದರು. ಎಸ್‌ಎಚ್4 ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು.

ಆ ಅಕ್ಷರವನ್ನು ಬದಲಾಯಿಸಿದ್ದು ಪ್ರಕೃತಿ. ಅದನ್ನು ಗುರುತಿಸಿ ಉಳಿಸಿದ್ದು ಓದು ಬಾರದ ಕೈಗಳು. ಗಿಡ ಕೊಯ್ದು, ಬಡಿದು, ಕೇರಿ, ಆರಿಸಿದ ಹೆಂಗಸರ ಕೈಗಳು ಅದರಲ್ಲಿ ಎಷ್ಟಿದ್ದವೋ! ಅವರ ಹೆಸರು ಯಾವ ಶಾಸನದಲ್ಲೂ ಇಲ್ಲ. ದಾನ ಕೊಟ್ಟ ದೊರೆಯ ಹೆಸರಿದೆ, ದಾನ ಪಡೆದ ಬ್ರಾಹ್ಮಣನ ಗೋತ್ರವಿದೆ. ಗದ್ದೆಯ ಎಲ್ಲೆ ಕಲ್ಲಿನ ವಿವರ ಕೂಡ ಇದೆ. ಗದ್ದೆಯಲ್ಲಿ ಬಗ್ಗಿದವರದ್ದು ಇಲ್ಲ.

ಸಂಕರ ಅನ್ನುವ ಬೈಗುಳ

ಮನುವಿನ ಪುಸ್ತಕಕ್ಕೆ ಸಂಕರ ಅಂದರೆ ದಿಗಿಲು. ಒಂದು ವರ್ಣದ ಗಂಡು ಇನ್ನೊಂದು ವರ್ಣದ ಹೆಣ್ಣು ಕೂಡಿದ್ದರಿಂದಲೇ ಚಂಡಾಲ ಹುಟ್ಟಿದ ಅಂತ ಅದು ಬರೆಯಿತು. ನಮ್ಮ ಹುಟ್ಟನ್ನೇ ತಪ್ಪು ಅಂದ ಪುಸ್ತಕ ಅದು.

ಅಂಥ ಸಂಕರವನ್ನೇ ಬಟಾಣಿ ಗಿಡಗಳಲ್ಲಿ ಮಾಡಿ, ಅದರ ಲೆಕ್ಕ ಬರೆದವನು ಗ್ರೆಗರ್ ಮೆಂಡೆಲ್ ಎಂಬ ಕ್ರೈಸ್ತ ಸನ್ಯಾಸಿ. 1866ರಲ್ಲಿ ಅಚ್ಚಾದ ಅವನ ಬರಹವನ್ನು ಲೋಕ ಗಮನಿಸಿದ್ದು 1900ರಲ್ಲಿ. ಎತ್ತರದ ಗಿಡ, ಗಿಡ್ಡ ಗಿಡ ಕೂಡಿದರೆ ಯಾವ ಗುಣ ಯಾವ ತಲೆಮಾರಿಗೆ ಹೋಗುತ್ತೆ, ಯಾವುದು ಅಡಗಿದ್ದು ಮತ್ತೆ ಬರುತ್ತೆ ಅಂತ ಅವನು ಎಣಿಸಿ ತೋರಿಸಿದ. ಅಲ್ಲಿಂದ ಬೆಳೆ ಸುಧಾರಣೆ ಲೆಕ್ಕದ ಮೇಲೆ ನಡೆಯುವ ವಿದ್ಯೆಯಾಯಿತು.

ನಮ್ಮ ರಾಗಿಯನ್ನೇ ನೋಡಿ. ರಾಗಿಯ ತವರು ಆಫ್ರಿಕದ ಎತ್ತರದ ನಾಡುಗಳು. ಕಪ್ಪು ಜನ ಪಳಗಿಸಿದ ಧಾನ್ಯ ಅದು. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು ನಮ್ಮ ಮುದ್ದೆಯಾಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ಇಲ್ಲಿಯ ರಾಗಿಗೂ ಆಫ್ರಿಕದ ರಾಗಿಗೂ ಮತ್ತೆ ಸಂಬಂಧ ಬೆಳೆಸಿದರು. ರಾಗಿ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ಅದರಲ್ಲಿ ಕಸಿ ಮಾಡೋದು ತಾಳ್ಮೆಯ ಕೆಲಸ. 1970ರ ದಶಕದಲ್ಲಿ ಹೊಲಕ್ಕೆ ಬಂದ ಆ ತಳಿಗಳಿಗೆ ಇಂಡಾಫ್ ಅಂತ ಹೆಸರು. ಇಂಡಿಯಾದ ಇಂಡ್, ಆಫ್ರಿಕದ ಆಫ್. ಎಕರೆಗೆ ಬರುವ ರಾಗಿ ಹೆಚ್ಚಿತು. ಸಂಕರದಿಂದ ಕುಲ ಕೆಡಲಿಲ್ಲ, ಹೊಟ್ಟೆ ತುಂಬಿತು. ಈ ಮಾತನ್ನ ನಮ್ಮ ಮೇಷ್ಟ್ರುಗಳು ಪಾಠದಲ್ಲಿ ಹೇಳಬೇಕು.

ಇನ್ನೊಂದು ಕತೆಯೂ ಇದೆ. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ಸಸ್ಯಶಾಸ್ತ್ರ ಹೇಳುವ ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವರಲಕ್ಷ್ಮಿ ಎಂಬ ಸಂಕರ ಹತ್ತಿ ತಂದರು. ಉದ್ದನೆಯ ಎಳೆಯ ಹತ್ತಿ, ಒಳ್ಳೇ ಬೆಲೆ. ಆದರೆ ಸಂಕರ ಬೀಜವನ್ನು ವರ್ಷವರ್ಷವೂ ಹೊಸದಾಗಿ ಮಾಡಬೇಕು. ಅದು ಕೈಯಲ್ಲೇ ಆಗಬೇಕು. ಇಂದು ಸಂಜೆ ಮೊಗ್ಗಿನ ಗಂಡು ಭಾಗ ಕಿತ್ತು ಹಾಕೋದು, ನಾಳೆ ಬೆಳಿಗ್ಗೆ ಇನ್ನೊಂದು ಗಿಡದ ಹೂವಿನ ಪರಾಗ ಮುಟ್ಟಿಸೋದು, ಹೀಗೆ ಒಂದೊಂದೇ ಹೂವಿಗೆ. ಸಂಕರ ಹತ್ತಿ ಬೀಜದ ವ್ಯಾಪಾರ ದೊಡ್ಡದಾದ ಮೇಲೆ ಆಂಧ್ರದಲ್ಲಿ, ಗುಜರಾತಿನಲ್ಲಿ, ನಮ್ಮ ಉತ್ತರ ಕರ್ನಾಟಕದಲ್ಲಿ ಆ ಕೆಲಸಕ್ಕೆ ಶಾಲೆ ಬಿಡಿಸಿ ಹೆಣ್ಣುಮಕ್ಕಳನ್ನು ಹಚ್ಚಿದರು. ಅಪ್ಪ ಅವ್ವನಿಗೆ ಮುಂಗಡ ಕೊಟ್ಟು ಮಕ್ಕಳನ್ನು ಹಿಡಿದಿಟ್ಟುಕೊಂಡರು. ಅವರಲ್ಲಿ ಯಾವ ಕೇರಿಯ ಮಕ್ಕಳು ಹೆಚ್ಚು ಅಂತ ಬೇರೆ ಹೇಳಬೇಕೆ? ಬೀಜದ ಚೀಲದ ಮೇಲೆ ಕಂಪನಿಯ ಹೆಸರಿತ್ತು. ಪರಾಗ ಮುಟ್ಟಿಸಿದ ಬೆರಳಿನ ಹೆಸರಿರಲಿಲ್ಲ.

ಒಂದೇ ಸಂಕರದಲ್ಲಿ ಎರಡು ಮುಖ. ವಿದ್ಯೆ ನಮ್ಮ ಶತ್ರುವಲ್ಲ. ಅದು ಯಾರ ಕೈಯಲ್ಲಿದೆ, ಯಾರ ಬೆನ್ನ ಮೇಲೆ ನಿಂತಿದೆ ಅನ್ನೋದನ್ನ ಕೇಳಬೇಕು.

1927, 1973

ಎರಡು ವರ್ಷಗಳನ್ನು ನಾವು ನೆನಪಿಟ್ಟುಕೊಳ್ಳಬೇಕು.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದರು. ಡಿಸೆಂಬರ್ 25ರಂದು ಅಲ್ಲೇ ಮನುಸ್ಮೃತಿ ಸುಟ್ಟರು. ಅದೇ 1927ರ ಜುಲೈನಲ್ಲಿ ಅಮೆರಿಕದ ಹರ್ಮನ್ ಮುಲ್ಲರ್ ಎಂಬ ವಿಜ್ಞಾನಿ ಎಕ್ಸ್-ರೇ ಹಾಯಿಸಿ ಹಣ್ಣಿನ ನೊಣದ ಜೀನುಗಳನ್ನು ಬದಲಾಯಿಸಬಹುದು ಅಂತ ಪ್ರಕಟಿಸಿದ. ಹುಟ್ಟಿನಿಂದ ಬಂದದ್ದು ಬದಲಾಗದು ಅನ್ನುವ ನಂಬಿಕೆಗೆ ಒಂದೇ ವರ್ಷ ಎರಡು ಕಡೆ ಪೆಟ್ಟು ಬಿತ್ತು. ಬೆಳೆಗಳಿಗೂ ಕಿರಣ ಹಾಯಿಸಿ, ರಾಸಾಯನಿಕ ಹಾಕಿ ಹೊಸ ತಳಿ ಹುಡುಕುವ ಕೆಲಸ ಅಲ್ಲಿಂದ ಬೆಳೆಯಿತು. ಆದರೆ ಅದು ಕತ್ತಲಲ್ಲಿ ಕಲ್ಲು ಬೀರಿದ ಹಾಗೆ. ಯಾವ ಅಕ್ಷರ ಕೆಡುತ್ತೆ ಅಂತ ಯಾರ ಹಿಡಿತದಲ್ಲೂ ಇಲ್ಲ. ಸಾವಿರಾರು ಗಿಡ ಬೆಳೆಸಿ ಒಂದನ್ನು ಆರಿಸಬೇಕು.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಊರೂರಲ್ಲಿ ದಲಿತ ಹುಡುಗರ ಮೇಲೆ ಏಟು ಬಿತ್ತು. ಅವರ ಮಂತ್ರಿಗಿರಿ ಹೋಯಿತು. ನಮ್ಮ ಚಳವಳಿ ಹುಟ್ಟಿತು. ಅದೇ ನವೆಂಬರಿನಲ್ಲಿ ಅಮೆರಿಕದ ಕೋಹೆನ್ ಮತ್ತು ಬೋಯರ್ ತಂಡದವರು ಒಂದು ಕಡೆಯ ಡಿಎನ್‌ಎ ತುಂಡನ್ನು ಇನ್ನೊಂದಕ್ಕೆ ಅಂಟಿಸಿ ಬ್ಯಾಕ್ಟೀರಿಯಾದೊಳಗೆ ಬೆಳೆಸಿದ್ದನ್ನು ಪ್ರಕಟಿಸಿದರು. ಬೇರೆ ಜೀವಿಯ ಜೀನನ್ನು ಬೆಳೆಯೊಳಗೆ ಸೇರಿಸುವ ದಾರಿ ಅಲ್ಲಿ ತೆರೆಯಿತು.

ಕನ್ನಡದಲ್ಲಿ ಅಂಥ ಬೆಳೆಗೆ ಕುಲಾಂತರಿ ಅಂತ ಹೆಸರಿಟ್ಟರು. ಕುಲ ದಾಟಿದ್ದು. ಈ ಹೆಸರು ಇಟ್ಟವರ ಮನಸ್ಸಿನಲ್ಲಿ ಏನಿತ್ತೋ ಗೊತ್ತಿಲ್ಲ. ಆದರೆ ಕುಲ ಕೆಟ್ಟಿತು, ಶುದ್ಧ ಬೀಜ ಮೈಲಿಗೆಯಾಯಿತು ಅಂತ ಮಾತಾಡುವವರನ್ನು ಸಭೆಗಳಲ್ಲಿ ಕೇಳಿದ್ದೇನೆ. ಕೇಳಿ ನನ್ನ ಮೈ ಉರಿದಿದೆ. ಗೆಳೆಯರೇ, ಬೀಜ ಕುಲ ದಾಟಿದ್ದಕ್ಕೆ ನಮಗೆ ಸಿಟ್ಟು ಬರಬಾರದು. ಕುಲ ದಾಟಬಾರದು ಅಂತ ಕಟ್ಟಿದ ಗೋಡೆಯ ಹೊರಗೆ ಸತ್ತವರು ನಾವು. ನಮ್ಮ ತಕರಾರು ಬೇರೆ.

ಆ ತಕರಾರಿನ ಒಂದು ಭಾಗವನ್ನು ರೈತಸಂಘ ಎತ್ತಿತ್ತು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿದರು. 1998ರಲ್ಲಿ ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಮಾನ್ಸಾಂಟೊ ಕಂಪನಿಯ ಪ್ರಯೋಗದ ಹತ್ತಿ ಕಿತ್ತು ಸುಟ್ಟರು. ಬೀಜ ಕಂಪನಿಯ ಆಸ್ತಿಯಾಗಬಾರದು ಅನ್ನೋದು ಸರಿಯಾದ ಮಾತು. ಆದರೂ 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಕೆಲವು ವರ್ಷ ಕಾಯಿಕೊರಕ ಕಡಿಮೆಯಾಯಿತು. ಆಮೇಲೆ ಗುಲಾಬಿ ಕಾಯಿಕೊರಕ ಆ ವಿಷವನ್ನೂ ಅರಗಿಸಿಕೊಂಡಿತು. 2010ರ ಫೆಬ್ರವರಿಯಲ್ಲಿ ಬಿಟಿ ಬದನೆಗೆ ಕೇಂದ್ರ ತಡೆ ಹಾಕಿತು. ಈ ಇಡೀ ಜಗಳದಲ್ಲಿ ರೈತ ಅಂದರೆ ಹೊಲದ ಒಡೆಯ ಅಂತಲೇ ಅರ್ಥ. ಹತ್ತಿ ಬಿಡಿಸುವವಳನ್ನು ಈ ಬೀಜ ಬೇಕೋ ಬೇಡವೋ ಅಂತ ಯಾರು ಕೇಳಿದರು? ಸರ್ಕಾರ ಕೇಳಲಿಲ್ಲ, ಕಂಪನಿ ಕೇಳಲಿಲ್ಲ, ಹಸಿರು ಶಾಲು ಹೊದ್ದವರೂ ಕೇಳಿದ್ದು ಕಡಿಮೆ.

ಮೊಸರಿನಿಂದ ಬಂದ ಕತ್ತರಿ

ಜೀನ್ ತಿದ್ದುಪಡಿಯ ಕತ್ತರಿ ಸಿಕ್ಕಿದ್ದು ಬ್ಯಾಕ್ಟೀರಿಯಾಗಳಲ್ಲಿ. 1987ರಲ್ಲಿ ಜಪಾನಿನ ವಿಜ್ಞಾನಿಗಳಿಗೆ ಒಂದು ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುವುದು ಕಂಡಿತು. ಯಾಕೆ ಅಂತ ತಿಳಿಯಲಿಲ್ಲ. ಸ್ಪೇನಿನ ಫ್ರಾನ್ಸಿಸ್ಕೊ ಮೊಹಿಕಾ ವರ್ಷಗಟ್ಟಲೆ ಅದರ ಹಿಂದೆ ಬಿದ್ದ. ಅದು ಹಿಂದೆ ದಾಳಿ ಮಾಡಿದ ವೈರಸ್ಸುಗಳ ಗುರುತು, ಶತ್ರುವಿನ ನೆನಪು ಅಂತ ಹೇಳಿದ. 2007ರಲ್ಲಿ ಡೆನ್ಮಾರ್ಕಿನ ಡ್ಯಾನಿಸ್ಕೊ ಕಂಪನಿಯ ವಿಜ್ಞಾನಿಗಳು ಮೊಸರು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾದಲ್ಲಿ ಅದನ್ನು ಸಾಬೀತು ಮಾಡಿದರು. ಅದೇ ವೈರಸ್ ಮತ್ತೆ ಬಂದರೆ ಬ್ಯಾಕ್ಟೀರಿಯಾ ಆ ನೆನಪಿನ ಚೀಟಿ ಹಿಡಿದು ಹುಡುಕಿ, ಅದರ ಡಿಎನ್‌ಎಯನ್ನು ಕತ್ತರಿಸಿ ಹಾಕುತ್ತೆ.

2012ರಲ್ಲಿ ಫ್ರಾನ್ಸಿನ ಎಮ್ಯಾನುಯೆಲ್ ಶಾರ್ಪಂಟಿಯೆ, ಅಮೆರಿಕದ ಜೆನ್ನಿಫರ್ ಡೌಡ್ನಾ ಎಂಬ ಇಬ್ಬರು ಹೆಂಗಸರು ಈ ಚೀಟಿಯನ್ನು ನಾವೇ ಬರೆಯಬಹುದು ಅಂತ ತೋರಿಸಿದರು. ಯಾವ ಜಾಗದ ಅಕ್ಷರ ಬೇಕೋ ಅದನ್ನು ಚೀಟಿಯಲ್ಲಿ ಬರೆದು ಕಳಿಸಿದರೆ ಕಾಸ್9 ಎಂಬ ಕತ್ತರಿ ಅಲ್ಲಿಗೇ ಹೋಗಿ ಕತ್ತರಿಸುತ್ತೆ. ಇದಕ್ಕೆ ಕ್ರಿಸ್ಪರ್ ಅಂತ ಹೆಸರು. ಅವರಿಬ್ಬರಿಗೆ 2020ರಲ್ಲಿ ನೊಬೆಲ್ ಬಂತು. 2013ರಲ್ಲೇ ಭತ್ತ, ಗೋಧಿಯಲ್ಲಿ ಇದನ್ನು ಮಾಡಿ ತೋರಿಸಿದ್ದರು.

ಕತ್ತರಿಸಿದ ಮೇಲೆ ಮೂರು ದಾರಿ. ಒಂದು, ಸುಮ್ಮನೆ ಬಿಡೋದು. ಜೀವಕೋಶ ತಾನೇ ಹೊಲಿದುಕೊಳ್ಳುವಾಗ ಒಂದೆರಡು ಅಕ್ಷರ ತಪ್ಪಿ ಆ ಜೀನು ಕೆಲಸ ನಿಲ್ಲಿಸುತ್ತೆ. ಎರಡು, ಹೀಗೆ ತಿದ್ದಿಕೋ ಅಂತ ಸಣ್ಣ ಮಾದರಿ ಕೊಡೋದು. ಮೂರು, ಆ ಜಾಗದಲ್ಲಿ ಬೇರೆ ಜೀವಿಯ ಜೀನು ತಂದು ಕೂರಿಸೋದು. ಮೊದಲ ಎರಡರಲ್ಲಿ ಕೊನೆಗೆ ಉಳಿಯುವ ಗಿಡದಲ್ಲಿ ಹೊರಗಿನ ಜೀನು ಇರೋದಿಲ್ಲ.

ಒಂದು ಜೀನು ಕೆಟ್ಟರೆ ಒಳ್ಳೇದಾಗುತ್ತಾ ಅಂತ ಕೇಳಬಹುದು. 1966ರ ಐಆರ್8 ಭತ್ತ ನೆನಪಿದೆಯಲ್ಲ, ಹಸಿರು ಕ್ರಾಂತಿಯ ಗಿಡ್ಡ ಭತ್ತ? ಅದು ಯಾಕೆ ಗಿಡ್ಡ ಅಂತ ತಿಳಿದದ್ದು 2002ರಲ್ಲಿ. ಬೆಳವಣಿಗೆಯ ರಸ ಮಾಡುವ ಒಂದು ಜೀನು ತಾನಾಗೇ ಕೆಟ್ಟಿತ್ತು. ಗಿಡ ಗಿಡ್ಡವಾಯಿತು, ಗೊಬ್ಬರ ಹಾಕಿದರೂ ಮಲಗಲಿಲ್ಲ. ಪ್ರಕೃತಿ ಯಾವಾಗಲೋ ಮಾಡಿದ್ದನ್ನು ಈಗ ಬೇಕೆಂದಾಗ ಮಾಡಬಹುದು.

2025ರಲ್ಲಿ ಪ್ರಕಟವಾದ ತಳಿಗಳೂ ಹಾಗೇ. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯವರು ಸಾಂಬಾ ಮಸೂರಿಯಲ್ಲಿ ಕಾಳಿನ ಎಣಿಕೆಯನ್ನು ತಡೆಹಿಡಿಯುವ ಜೀನನ್ನು ತಿದ್ದಿ ಕಮಲಾ ಎಂಬ ತಳಿ ಮಾಡಿದರು. ಸಾಂಬಾ ಮಸೂರಿ ಅಂದರೆ ನಮ್ಮ ತುಂಗಭದ್ರಾ ಅಚ್ಚುಕಟ್ಟಿನಲ್ಲೂ ಬೆಳೆಯುವ ಬಿಪಿಟಿ 5204. ಕಮಲಾ ಸುಮಾರು 20 ದಿನ ಮುಂಚೆ ಕೊಯ್ಲಿಗೆ ಬರುತ್ತೆ, ಇಳುವರಿ ಶೇಕಡಾ 19ರಷ್ಟು ಹೆಚ್ಚು ಅಂತ ಸರ್ಕಾರ ಹೇಳಿತು. ದೆಹಲಿಯ ಪೂಸಾ ಸಂಸ್ಥೆಯವರು ಎಂಟಿಯು 1010 ತಳಿಯಲ್ಲಿ ಡಿಎಸ್‌ಟಿ ಎಂಬ ಜೀನು ತಿದ್ದಿ ಬರ ಮತ್ತು ಉಪ್ಪುನೆಲ ತಾಳುವ ಭತ್ತ ಮಾಡಿದ್ದೇವೆ ಅಂದರು. ಪರೀಕ್ಷೆಯ ಅಂಕಿಗಳು ಈ ಮಾತನ್ನು ಹೊರುವುದಿಲ್ಲ ಅಂತ ಕುಲಾಂತರಿ ವಿರೋಧಿ ಸಂಘಟನೆಗಳು ತಕರಾರು ತೆಗೆದಿವೆ. ಅಂಕಿ ನಿಜವಾದರೆ ಅದು ಸಣ್ಣ ಮಾತಲ್ಲ. ಸಿಂಧನೂರು, ಗಂಗಾವತಿ ಕಡೆ ಕಾಲುವೆಯ ಕೊನೆಯಲ್ಲಿ ಸವುಳಾಗಿ ಬಿಟ್ಟ ತುಂಡು ಹೊಲ ಇರುವವನಿಗೆ ಉಪ್ಪು ತಾಳುವ ಭತ್ತ ಅಂದರೆ ಅನ್ನ. ಅದಕ್ಕೇ ಅಂಕಿಗಳನ್ನು ಬಯಲಿಗಿಟ್ಟು ಪರೀಕ್ಷೆ ಮಾಡಿ ಅಂತ ನಾವೂ ಕೇಳಬೇಕು.

ಆದರೆ ಪರೀಕ್ಷೆಯ ಬಾಗಿಲು ಕಿರಿದಾಗಿದೆ. 2022ರ ಮಾರ್ಚ್ 30ರಂದು ಕೇಂದ್ರದ ಪರಿಸರ ಇಲಾಖೆ, ಮೊದಲ ಎರಡು ದಾರಿಯಲ್ಲಿ ತಿದ್ದಿದ ಗಿಡಗಳನ್ನು ಕುಲಾಂತರಿಗೆ ಇದ್ದ 1989ರ ನಿಯಮಗಳ ಮುಖ್ಯ ಕಟ್ಟುಗಳಿಂದ ಬಿಡಿಸಿತು. ಕಾರಣ? ಹೊರಗಿನ ಜೀನು ಇಲ್ಲವಲ್ಲ ಅಂತ. ನೋಡಿ, ಇಲ್ಲೂ ಅದೇ ಕುಲದ ಲೆಕ್ಕ. ಹೊರಗಿನವನು ಬಂದರೆ ವಿಚಾರಣೆ, ಒಳಗಿನವನೇ ಮಾಡಿದರೆ ವಿಚಾರಣೆ ಕಡಿಮೆ. ಊರಿನ ನ್ಯಾಯ ಹೀಗೇ ಅಲ್ಲವೇ? ಗಿಡದಲ್ಲಿ ಹೊರಗಿನ ಜೀನು ಇದೆಯೋ ಇಲ್ಲವೋ ಅನ್ನೋದಷ್ಟೇ ಸಾಕಾಗೋದಿಲ್ಲ. ಆ ತಿದ್ದುಪಡಿ ಹೊಲದಲ್ಲಿ, ಕೂಲಿಯಲ್ಲಿ, ಊಟದಲ್ಲಿ ಏನು ಮಾಡುತ್ತೆ ಅಂತ ನೋಡಬೇಕು.

ನಮ್ಮ ಮೂರು ಪ್ರಶ್ನೆ

ಮೊದಲನೇದು ಕೂಲಿ. ಪೂಸಾ ಬಾಸ್ಮತಿ 1979 ಮತ್ತು 1985 ಎಂಬ ಭತ್ತಗಳಿವೆ. ಇಮಾಜೆಥಾಪಿರ್ ಎಂಬ ಕಳೆನಾಶಕ ಹೊಡೆದರೆ ಕಳೆ ಸಾಯುತ್ತೆ, ಭತ್ತ ಉಳಿಯುತ್ತೆ. ಅವನ್ನು ಮಾಡಿದ್ದು ಹಳೆಯ ರಾಸಾಯನಿಕ ದಾರಿಯಲ್ಲಿ, ಒಂದು ಜೀನಿನ ಬದಲಾವಣೆಯಿಂದ. ಅದೇ ಬದಲಾವಣೆಯನ್ನು ಕ್ರಿಸ್ಪರ್ ಇನ್ನಷ್ಟು ಸಲೀಸಾಗಿ, ಯಾವ ಬೆಳೆಗೆ ಬೇಕಾದರೂ ತರಬಲ್ಲದು. ನೇರ ಬಿತ್ತನೆ, ನೀರು ಉಳಿತಾಯ ಅಂತಾರೆ. ಸರಿ. ಆದರೆ ನಾಟಿ ಹಾಕುವವರು ಯಾರು? ಕಳೆ ಕೀಳುವವರು ಯಾರು? ನಮ್ಮವ್ವ, ನಿಮ್ಮವ್ವ. ವರ್ಷದಲ್ಲಿ ಕೈಗೆ ಕಾಸು ಕಾಣುವ ನಾಲ್ಕು ದಿನ ಅದೇ. ಸೊಂಟ ಮುರಿಯುವ ಆ ಕೆಲಸ ಎಂದೆಂದಿಗೂ ಇರಲಿ ಅಂತ ನಾನು ಹೇಳ್ತಿಲ್ಲ, ಹೋಗಲಿ. ಅವ್ವ ಬಗ್ಗಿದ ಬೆನ್ನು ನೆಟ್ಟಗೆ ಮಾಡಲಿ. ಆದರೆ ಕಳೆಯ ಜೊತೆಗೇ ಅವಳ ಅನ್ನವನ್ನೂ ಕೀಳುವ ಬೀಜಕ್ಕೆ ಒಪ್ಪಿಗೆ ಕೊಡುವಾಗ ಅವಳಿಗೆ ಬೇರೆ ಕೆಲಸ, ನೆಲ ಎಲ್ಲಿದೆ ಅಂತ ಅದೇ ಕಾಗದದಲ್ಲಿ ಬರೆಯಬೇಕು. ಬಾಬಾಸಾಹೇಬರು 1918ರಲ್ಲೇ ಸಣ್ಣ ಹಿಡುವಳಿಗಳ ಬಗ್ಗೆ ಬರೆದಾಗ, ಹೊಲದಲ್ಲಿ ಹೆಚ್ಚಾದ ಕೈಗಳಿಗೆ ಕೈಗಾರಿಕೆಯಲ್ಲಿ ಕೆಲಸ ಕೊಡದೆ ಕೃಷಿ ಉದ್ಧಾರ ಆಗದು ಅಂದಿದ್ದರು. ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಎರಡನೇದು ಒಡೆತನ. ಕ್ರಿಸ್ಪರ್ ಹಕ್ಕಿಗಾಗಿ ಅಮೆರಿಕದ ಎರಡು ದೊಡ್ಡ ಸಂಸ್ಥೆಗಳು ವರ್ಷಗಟ್ಟಲೆ ಕೋರ್ಟಿನಲ್ಲಿ ಬಡಿದಾಡಿವೆ. ಬೆಳೆಗಳ ಮಟ್ಟಿಗೆ ಆ ಹಕ್ಕುಗಳ ದೊಡ್ಡ ಕಟ್ಟು ಕಾರ್ಟೇವಾ ಎಂಬ ಬಹುರಾಷ್ಟ್ರೀಯ ಕಂಪನಿ ಕೈಯಲ್ಲಿದೆ. ನಮ್ಮ ಸರ್ಕಾರಿ ವಿಜ್ಞಾನಿ ನಮ್ಮ ತೆರಿಗೆಯ ಹಣದಲ್ಲಿ ತಿದ್ದಿದ ಬೀಜವನ್ನು ಮಾರಾಟಕ್ಕೆ ಬಿಡುವಾಗ ಕತ್ತರಿಯ ಬಾಡಿಗೆ ಯಾರಿಗೆ, ಎಷ್ಟು? ಇದನ್ನು ಬಹಿರಂಗವಾಗಿ ಹೇಳಬೇಕು.

ನಮ್ಮಲ್ಲೂ ಒಂದು ಕಾಯಿದೆ ಇದೆ, 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ. ಅದರ 39ನೇ ಕಲಮಿನ ಪ್ರಕಾರ ರೈತ ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಬ್ರಾಂಡಿನ ಹೆಸರು ಹಾಕದೆ ಮಾರಬಹುದು. ಒಳ್ಳೇ ಕಲಮು. ಆದರೆ ರೈತ ಅಂದರೆ ಯಾರು? ತಾನೇ ಉಳುವವನು ರೈತ. ಇನ್ನೊಬ್ಬರ ಕೈಲಿ ಮಾಡಿಸಿ ಮೇಲೆ ನಿಂತು ನೋಡುವವನೂ ರೈತ. ಆ ಇನ್ನೊಬ್ಬರು ನಾವು. ಕಾಯಿದೆಯಲ್ಲಿ ನಮಗಿರುವ ಜಾಗ ಅಷ್ಟು. ಆದರೆ ಅದೇ ವ್ಯಾಖ್ಯೆಯಲ್ಲಿ ಮೂರನೇ ಮಾತೂ ಇದೆ. ಸಾಂಪ್ರದಾಯಿಕ ತಳಿಯನ್ನು ಉಳಿಸಿದವರು, ಆರಿಸಿ ಅದರ ಗುಣ ಗುರುತಿಸಿ ಬೆಲೆ ಹೆಚ್ಚಿಸಿದವರೂ ರೈತರೇ. ಇದಕ್ಕೆ ಪಹಣಿ ಬೇಕಿಲ್ಲ. ನಮ್ಮಜ್ಜಿ ಆ ಮಾತಿನ ಪ್ರಕಾರ ರೈತಳು. ಕಾರ್ಯಕರ್ತರು, ಮೇಷ್ಟ್ರುಗಳು ಕೇರಿಗಳಲ್ಲಿ ಉಳಿದ ಬೀಜಗಳನ್ನು, ಅವನ್ನು ಕಾಪಾಡಿದವರ ಹೆಸರನ್ನು ಬರೆದಿಡಲು ಇದೇ ಸಮಯ. ನಾಳೆ ಯಾರೋ ಅದರ ಅಕ್ಷರ ತಿದ್ದಿ ತಮ್ಮದು ಅಂದಾಗ ನಮ್ಮ ಕೈಲಿ ಕಾಗದ ಇರಬೇಕು.

ಮೂರನೇದು ಯಾವ ಬೆಳೆ. 2023-24ರ ಬಜೆಟ್ಟಿನಲ್ಲಿ ಬೆಳೆಗಳ ಜೀನ್ ತಿದ್ದುಪಡಿಗೆ 500 ಕೋಟಿ ರೂಪಾಯಿ ತೆಗೆದಿಟ್ಟರು. ಅದರಲ್ಲಿ ರಾಗಿಗೆಷ್ಟು, ನವಣೆಗೆಷ್ಟು, ಹುರುಳಿಗೆಷ್ಟು? 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಶೈಲಜಾ ಹಿತ್ತಲಮನಿ ಅವರ ತಂಡ ಎಂಎಲ್-365 ಎಂಬ ರಾಗಿ ತಳಿಯ ಅಕ್ಷರಗಳನ್ನು ಓದಿ ಪ್ರಕಟಿಸಿತು. ಭತ್ತದ ಅಕ್ಷರ 2005ರಲ್ಲೇ ಪೂರ್ತಿ ಓದಿ ಮುಗಿದಿತ್ತು. ಬಡವರ ಧಾನ್ಯಕ್ಕೆ ಹನ್ನೆರಡು ವರ್ಷ ತಡ. ಬೆಂಕಿರೋಗ ತಾಳುವ ರಾಗಿ, ಮಳೆ ಕೈಕೊಟ್ಟರೂ ಒಂದು ಮುದ್ದೆಗಾಗುವ ರಾಗಿ ಬೇಕು ಅಂತ ಕೇಳುವ ಹಕ್ಕು ನಮಗಿದೆ. ರಾಗಿಯ ಅಕ್ಷರ ಓದುವ ಕೆಲಸಕ್ಕೆ ನಮ್ಮ ಹಾಸ್ಟೆಲಿನ ಹುಡುಗ ಹುಡುಗಿಯರು ಹೋಗಬೇಕು. ಕತೆ ಕವನ ಬರೆದರೆ ಸಾಲದು. ಇದನ್ನ ಕವನ ಬರೆಯುವ ನಾನೇ ಹೇಳ್ತಿದ್ದೇನೆ.

ಒಂದು ಎಚ್ಚರಿಕೆಯನ್ನೂ ಹೇಳಿ ಮುಗಿಸ್ತೇನೆ. ಸೋವಿಯತ್ ದೇಶದಲ್ಲಿ ನಿಕೊಲಾಯ್ ವಾವಿಲೋವ್ ಲೋಕವೆಲ್ಲ ಸುತ್ತಿ ಬೀಜ ಕೂಡಿಹಾಕಿದ್ದ. ಜೀನು ಅನ್ನೋದೇ ಸುಳ್ಳು ಅಂದ ಲೈಸೆಂಕೋನನ್ನು ಸರ್ಕಾರ ಎತ್ತಿ ಹಿಡಿಯಿತು. ವಾವಿಲೋವ್ 1943ರಲ್ಲಿ ಸೆರೆಮನೆಯಲ್ಲಿ ಸತ್ತ. ಅವನ ಜೊತೆಗಾರರಲ್ಲಿ ಹಲವರು ಲೆನಿನ್‌ಗ್ರಾಡಿನ ಮುತ್ತಿಗೆಯಲ್ಲಿ ಬೀಜದ ಚೀಲಗಳ ನಡುವೆಯೇ, ಒಂದು ಕಾಳನ್ನೂ ತಿನ್ನದೆ ಹಸಿದು ಸತ್ತರು. ನಮ್ಮ ಪರ ಅಂತ ಹೇಳಿಕೊಂಡವರೂ ವಿಜ್ಞಾನವನ್ನು ಸುಳ್ಳು ಅಂದರೆ ಆಗುವ ಅನಾಹುತ ಇದು. ನಾವು ಆ ತಪ್ಪು ಮಾಡಬಾರದು. ಕಂಪನಿ ಹೇಳಿದ್ದೆಲ್ಲ ವಿಜ್ಞಾನ ಅಂತ ನಂಬುವ ತಪ್ಪನ್ನೂ ಮಾಡಬಾರದು.

ನಮ್ಮಜ್ಜಿ ಕೊನೆಗಾಲದಲ್ಲಿ ಕಣ್ಣು ಮಂಜಾದ ಮೇಲೂ ರಾಗಿ ತೆನೆಯನ್ನ ಅಂಗೈಯಲ್ಲಿ ಉಜ್ಜಿ ಇದು ಬಿತ್ತನೆಗಾಗುತ್ತೆ, ಇದು ಆಗಲ್ಲ ಅಂತ ಹೇಳ್ತಿದ್ದಳು. ಆ ಕೈಯನ್ನ ಯಾವ ಕಚೇರಿಯವರೂ ಕರೆದು ಕೂರಿಸಿ ಕೇಳಲಿಲ್ಲ. ಈಗ ಬೀಜ ತಿದ್ದುವ ಮೇಜಿನ ಸುತ್ತ ಕುರ್ಚಿ ಹಾಕ್ತಿದ್ದಾರೆ. ಕರೆಯಲಿ ಅಂತ ಕಾಯದೆ ನಾವೇ ಹೋಗಿ ಕೂರಬೇಕು.